ಇಸ್ತ್ರಿಯ ಅರ್ಧ ಕೆಲಸ ತಂಪಿನದು

ಮಾಗಡಿ ರಸ್ತೆಯ ಟೋಲ್‌ಗೇಟಿನಿಂದ ಪಶ್ಚಿಮಕ್ಕೆ ಹೋದರೆ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ. ದಕ್ಷಿಣಕ್ಕೆ ಹೊರಳಿದರೆ ವಿಜಯನಗರ, ಮಾರೇನಹಳ್ಳಿ, ಮೂಡಲಪಾಳ್ಯ. ಈ ಕೆಲವೇ ಕಿಲೊಮೀಟರುಗಳ ಒಳಗೆ ಬಟ್ಟೆಯ ಸುಕ್ಕು ಬಿಡಿಸುವ ಸಾಧನಗಳ ಎಲ್ಲ ತಲೆಮಾರುಗಳೂ ಇವತ್ತು ಒಟ್ಟಿಗೇ ದುಡಿಯುತ್ತಿವೆ. ಹೊಂಗೆ ಮರದ ಕೆಳಗಿನ ಗಾಡಿಯಲ್ಲಿ ಇದ್ದಿಲು ತುಂಬಿದ ಹಿತ್ತಾಳೆ ಪೆಟ್ಟಿಗೆ. ಮುಂದಿನ ಕ್ರಾಸಿನಲ್ಲಿ ಅದೇ ಆಕಾರದ, ಆದರೆ ಸಣ್ಣ ಸಿಲಿಂಡರಿಗೆ ನಳಿಕೆ ಜೋಡಿಸಿದ ಗ್ಯಾಸ್ ಪೆಟ್ಟಿಗೆ. ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ತಲೆಯ ಮೇಲೆ ನೀರಿನ ಬಾಟಲಿ ತೂಗುಹಾಕಿಕೊಂಡ ಹಬೆಯ ಐರನ್. ಫಾಲ್ಸ್, ಕುಚ್ಚು, ಪಾಲಿಶ್ ಎಂದು ಬೋರ್ಡು ಹಾಕಿದ ಮಳಿಗೆಯ ಹಿಂಬದಿಯಲ್ಲಿ ಸೀರೆ ಉರುಳಿಸುವ ರೋಲರ್. ಕಾಮಾಕ್ಷಿಪಾಳ್ಯದ ಜಾಬ್‌ವರ್ಕ್ ಗಾರ್ಮೆಂಟ್ಸ್‌ಗಳ ಮಹಡಿಯಲ್ಲಿ ಬಾಯ್ಲರ್ ಮತ್ತು ವ್ಯಾಕ್ಯೂಮ್ ಟೇಬಲ್. ಹಳೆಯದು ಮೂಲೆ ಸೇರುವ ಮೊದಲೇ ಹೊಸದು ಬಂದು ಪಕ್ಕದಲ್ಲಿ ಕೂತಿದೆ.

ಈ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತ ಹೋದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಇದ್ದಿಲ ಪೆಟ್ಟಿಗೆ ಐದಾರು ಕಿಲೊ ತೂಗುತ್ತದೆ. ಕಾರ್ಖಾನೆಯ ಹಬೆ ಐರನ್ ಎರಡು ಕಿಲೊ ಆಸುಪಾಸು. ಯಂತ್ರ ದೊಡ್ಡದಾಗುತ್ತ ಹೋದಂತೆ ಕೈಯಲ್ಲಿರುವ ತೂಕ ಇಳಿದಿದೆ. ಸುಕ್ಕು ಹೋಗುವುದು ಭಾರದಿಂದ, ಕಾವಿನಿಂದ ಎಂದು ನಂಬಿಕೊಂಡವರಿಗೆ ಇದು ಒಗಟು. ಭಾರವೂ ಕಾವೂ ಬೇಕು ನಿಜ. ಆದರೆ ಅವು ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ. ಉಳಿದರ್ಧ ಮಾಡುವುದು ತಂಪು.

ಹತ್ತಿಯ ನೂಲು ಎಂದರೆ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳು. ಈ ಸರಪಳಿಗಳು ಒಂದಕ್ಕೊಂದು ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡಿರುತ್ತವೆ. ಬಿಡಿಯಾಗಿ ನೋಡಿದರೆ ಒಂದೊಂದು ಬಂಧವೂ ದುರ್ಬಲ, ಲೆಕ್ಕದಲ್ಲಿ ಮಾತ್ರ ಅಪಾರ. ನೀರು ಒಳಹೊಕ್ಕರೆ ಬಂಧ ಬಿಚ್ಚಿಕೊಳ್ಳುತ್ತದೆ, ನೀರು ಹೋದರೆ ಆ ಹೊತ್ತಿಗೆ ಎಳೆ ಹೇಗಿತ್ತೋ ಹಾಗೆಯೇ ಮತ್ತೆ ಕೂಡಿಕೊಳ್ಳುತ್ತದೆ. ಮೆಜೆಸ್ಟಿಕ್ಕಿನಿಂದ ಕೆಂಗೇರಿ ಬಸ್ಸಿನಲ್ಲಿ ಕೂತು ಬಂದವರ ಅಂಗಿಯ ಬೆನ್ನು ನೋಡಿ. ಬೆವರು ಬಂಧ ಬಿಚ್ಚಿತು, ಸೀಟು ಮಡಿಸಿ ಹಿಡಿಯಿತು, ಕಿಟಕಿಯ ಗಾಳಿ ಒಣಗಿಸಿತು. ಅದೂ ಒಂದು ಬಗೆಯ ಇಸ್ತ್ರಿಯೇ, ಬೇಡದ ಕಡೆ ಆದದ್ದು ಅಷ್ಟೆ. ಇಸ್ತ್ರಿಯವರು ಮಾಡುವುದು ಇದೇ ಕ್ರಮವನ್ನು, ಬಟ್ಟೆಯನ್ನು ಚಪ್ಪಟೆಯಾಗಿ ಹಿಡಿದುಕೊಂಡು: ತೇವ, ಕಾವು, ಒತ್ತು, ಒಣಗು. ಪಾಲಿಯೆಸ್ಟರಿನಲ್ಲಿ ನೀರಿನ ಪಾತ್ರ ಕಡಿಮೆ. ಅದು 70-80 ಡಿಗ್ರಿ ದಾಟಿದರೆ ಮೆದುವಾಗುತ್ತದೆ, ಅದಕ್ಕಿಂತ ಕೆಳಗಿಳಿದರೆ ಇದ್ದ ಆಕಾರದಲ್ಲೇ ಸೆಟೆಯುತ್ತದೆ. ಎರಡರಲ್ಲೂ ಕೊನೆಯ ಹೆಜ್ಜೆ ತಣಿಯುವುದೇ. ಬಿಸಿ ಆರದ ಅಂಗಿಯನ್ನು ಆತುರದಲ್ಲಿ ತೊಟ್ಟು ಸ್ಕೂಟರ್ ಹತ್ತಿದರೆ ವೆಸ್ಟ್ ಆಫ್ ಕಾರ್ಡ್ ರಸ್ತೆ ಮುಟ್ಟುವಷ್ಟರಲ್ಲಿ ತೋಳಿನ ಮಡಿಕೆಯಲ್ಲಿ ಸುಕ್ಕು ಮರಳಿ ಬಂದಿರುವುದು ಇದಕ್ಕೇ.

ಕಾರ್ಖಾನೆಯವರು ಈ ಗುಟ್ಟನ್ನು ಯಂತ್ರಕ್ಕಿಳಿಸಿದರು. ವ್ಯಾಕ್ಯೂಮ್ ಟೇಬಲ್ ನೋಡಲು ಏನೂ ವಿಶೇಷವಿಲ್ಲದ ಮೇಜು. ಮೇಲೆ ಸ್ಪಂಜು ಮತ್ತು ಬಟ್ಟೆಯ ಹಾಸು, ಅದರಡಿ ತೂತು ತೂತಿನ ತಗಡು, ಕೆಳಗೆ ಮೋಟಾರಿನಿಂದ ತಿರುಗುವ ಫ್ಯಾನು, ಕಾಲಿಗೆ ಒಂದು ಪೆಡಲು. ಅಂಗಿ ಹಾಸಿ ಐರನ್ನಿನ ಗುಂಡಿ ಒತ್ತಿದರೆ ಹಬೆ ಬಟ್ಟೆಯೊಳಕ್ಕೆ ನುಗ್ಗುತ್ತದೆ. ಒಮ್ಮೆ ಎಳೆದು ಪೆಡಲು ತುಳಿದರೆ ಫ್ಯಾನು ಕೋಣೆಯ ಗಾಳಿಯನ್ನು ಬಟ್ಟೆಯ ಮೂಲಕ ಕೆಳಕ್ಕೆ ಹೀರುತ್ತದೆ. ತೇವ ಹೋಯಿತು, ಕಾವೂ ಹೋಯಿತು, ಜೊತೆಗೆ ಬಟ್ಟೆ ಮೇಜಿಗೆ ಕಚ್ಚಿಕೊಂಡು ಅಲ್ಲಾಡದೆ ನಿಂತಿತು. ಎಲ್ಲ ಕೆಲವು ಸೆಕೆಂಡುಗಳ ಮಾತು. ನುರಿತ ಕೈಗೆ ಪೆಡಲಿನ ತಾಳ ಹೊಲಿಗೆಯವರಿಗೆ ಮಿಷನ್ ಪೆಡಲು ಒಲಿದಷ್ಟೇ ಒಲಿದಿರುತ್ತದೆ. ಹೊಸಬರು ತಪ್ಪುವುದೂ ಇಲ್ಲೇ. ಐರನ್ ಇನ್ನೂ ಬಟ್ಟೆಯ ಮೇಲಿರುವಾಗಲೇ ಪೆಡಲು ತುಳಿದರೆ ಹಬೆ ಎಳೆಯೊಳಗೆ ನಿಲ್ಲದೆ ಸೀದಾ ಕೆಳಗೆ ಹೋಗುತ್ತದೆ. ತುಳಿಯುವುದೇ ಮರೆತರೆ ಅಂಗಿ ಹಸಿಯಾಗಿಯೇ ಮಡಿಕೆಗೆ ಹೋಗಿ, ಪೆಟ್ಟಿಗೆಯಲ್ಲಿ ಹೊಸ ಸುಕ್ಕು ಹುಟ್ಟಿಸಿಕೊಳ್ಳುತ್ತದೆ.

ಹಬೆಯನ್ನೇ ಏಕೆ ಬಳಸಬೇಕು, ಕಾದ ಲೋಹ ಸಾಲದೆ? ಕುದಿಯುವ ಒಂದು ಕಿಲೊ ನೀರು ಕೋಣೆಯ ಬಿಸಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ 75 ಕಿಲೊಕ್ಯಾಲರಿ ಆಸುಪಾಸು. ಒಂದು ಕಿಲೊ ಹಬೆ ಬರೀ ನೀರಾಗಿ ಬದಲಾಗುವಾಗಲೇ 540 ಕೊಡುತ್ತದೆ. ಹಬೆ ಎಳೆಯ ಒಳಗೇ ನೀರಾಗುವುದರಿಂದ ತೇವವೂ ಕಾವೂ ಒಂದೇ ಸಲ, ಒಂದೇ ಜಾಗಕ್ಕೆ, ಬಟ್ಟೆ ಸುಡದಂತೆ ತಲುಪುತ್ತವೆ. ಒಣ ಲೋಹ ಮೇಲ್ಮೈಯನ್ನು ಕಾಯಿಸಿ ಎಳೆಯನ್ನು ಹಿಚುಕುತ್ತದೆ. ಕಪ್ಪು ಪ್ಯಾಂಟಿನ ತೊಡೆಯ ಮೇಲೆ ಕನ್ನಡಿಯಂತೆ ಹೊಳೆಯುವ ಪಟ್ಟೆ ಬರುವುದು ಹಾಗೆ. ಗಾರ್ಮೆಂಟ್ಸ್‌ನವರು ಅದನ್ನು ‘ಶೈನಿಂಗ್’ ಎನ್ನುತ್ತಾರೆ. ಬಂದರೆ ಪೀಸು ವಾಪಸ್. ಅದಕ್ಕೆಂದೇ ಐರನ್ನಿನ ತಳಕ್ಕೆ ಟೆಫ್ಲಾನಿನ ‘ಶೂ’ ತೊಡಿಸಿರುತ್ತಾರೆ.

ಬಾಯ್ಲರ್ ಇಡಲಾಗದ ಸಣ್ಣ ಅಂಗಡಿಗಳ ಪಾಲಿಗೆ ಬಂದದ್ದು ಬಾಟಲಿ ಐರನ್. ಕೊರಿಯಾದ ಸಿಲ್ವರ್ ಸ್ಟಾರ್ ಹೆಸರು ಈ ಬಗೆಯ ಐರನ್ನಿಗೇ ಅಂಟಿಕೊಂಡುಬಿಟ್ಟಿದೆ. ಎತ್ತರದ ಕೊಕ್ಕೆಯಲ್ಲಿ ನೀರಿನ ಬಾಟಲಿ, ಅಲ್ಲಿಂದ ಇಳಿದ ರಬ್ಬರ್ ನಳಿಕೆ. ಗುಂಡಿ ಒತ್ತಿದರೆ ಟಕ್ ಎಂದು ವಾಲ್ವು ತೆರೆದು, ನೀರು ಕಾದ ತಳಕ್ಕೆ ಬಿದ್ದು, ಅಲ್ಲೇ ಹಬೆಯಾಗಿ ನುಗ್ಗುತ್ತದೆ. ಬಾಟಲಿಯೊಳಗೆ ರಾಗಿಗಿಂತ ಸಣ್ಣ ಹೊಂಬಣ್ಣದ ಕಾಳುಗಳಿರುತ್ತವೆ. ನೀರಿನ ಗಡಸುತನ ಹೀರುವ ರಾಳ ಅದು. ಬೆಂಗಳೂರಿನ ಪಶ್ಚಿಮದ ಬಡಾವಣೆಗಳ ಇಸ್ತ್ರಿ ಅಂಗಡಿಗೆ ಈ ಕಾಳೇ ಜೀವಾಳ. ಕಾವೇರಿ ನೀರಾದರೆ ಹೇಗೋ ನಡೆದೀತು. ಬೋರ್‌ವೆಲ್ಲಿನ ಗಡಸು ನೀರು ಸುರಿದರೆ ಸುಣ್ಣದ ಪೊರೆ ಒಳಗೆ ಕಟ್ಟುತ್ತದೆ, ತೂತು ಮುಚ್ಚುತ್ತದೆ, ಒಂದು ದಿನ ಐರನ್ ಆ ಪೊರೆಯನ್ನು ಕಂದು ನೀರಾಗಿ ಬಿಳಿ ಅಂಗಿಯ ಎದೆಯ ಮೇಲೆ ಕಕ್ಕುತ್ತದೆ. ರಾಳ ಬಣ್ಣಗೆಟ್ಟಾಗ ಬದಲಿಸಬೇಕು. ಬದಲಿಸುವ ಅಂಗಡಿ ಯಾವುದು, ಬದಲಿಸದ ಅಂಗಡಿ ಯಾವುದು ಎಂದು ತಿಳಿಯಲು ಬಾಟಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಗಿರಾಕಿಗಳು ಅಪರೂಪಕ್ಕೂ ನೋಡುವುದಿಲ್ಲ.

ಬಾಟಲಿ ಐರನ್ನಿನ ಮೇಲಿನ ಮೆಟ್ಟಿಲು ಪುಟಾಣಿ ವಿದ್ಯುತ್ ಬಾಯ್ಲರ್. ಈ ಪುಟಾಣಿಗಳ ಅಳತೆಯ ಹಿಂದೆ ಒಂದು ಕಾನೂನಿನ ಕತೆ ಇದೆ. 1923ರ ಭಾರತೀಯ ಬಾಯ್ಲರ್ ಕಾಯ್ದೆಯ ವ್ಯಾಖ್ಯೆಯಲ್ಲಿ 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಬಾಯ್ಲರೇ ಆಗಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂತು, 25 ಲೀಟರಿನ ಗೆರೆ ಮಾತ್ರ ಹಾಗೇ ಉಳಿಯಿತು. ನೋಂದಣಿ, ವರ್ಷದ ತಪಾಸಣೆ ಎಂಬ ತಾಪತ್ರಯಗಳು ಈ ಗೆರೆಯ ಆಚೆಗಿರುವುದರಿಂದ ತಯಾರಕರು ಗೆರೆಯ ಈಚೆಗೇ ನಿಲ್ಲುವ ಬಾಯ್ಲರುಗಳನ್ನು ಮಾಡುತ್ತಾರೆ. ಹಾಗೆಂದು ಒಳಗಿನ ಹಬೆ ಸಾಧುವಾಗುವುದಿಲ್ಲ. ಚದರ ಸೆಂಟಿಮೀಟರಿಗೆ 4 ಕಿಲೊ ಒತ್ತಡದಲ್ಲಿ ಅದರ ಬಿಸಿ 150 ಡಿಗ್ರಿ ದಾಟುತ್ತದೆ. ಸೇಫ್ಟಿ ವಾಲ್ವು, ನೀರಿನ ಮಟ್ಟ ತೋರುವ ಗಾಜಿನ ಕೊಳವೆ, ದಿನಾ ತಳದ ಗಸಿ ಹೊರಬಿಡುವ ಬ್ಲೋಡೌನ್, ಇವನ್ನು ಕೇಳುವ ಇನ್‌ಸ್ಪೆಕ್ಟರ್ ಬಾರದ ಕಡೆ ಮಾಲೀಕರೇ ಇನ್‌ಸ್ಪೆಕ್ಟರ್ ಆಗಬೇಕು. ನೂರಾರು ಮೇಜುಗಳಿರುವ ದೊಡ್ಡ ಕಾರ್ಖಾನೆಗಳ ಸಂಗತಿ ಬೇರೆ. ಅಲ್ಲಿ ಸೌದೆ ಅಥವಾ ಬ್ರಿಕೆಟ್ ಉರಿಸುವ ನೋಂದಾಯಿತ ಬಾಯ್ಲರ್ ಹಿತ್ತಲಿನಲ್ಲಿ ನಿಂತಿರುತ್ತದೆ, ಹಬೆ ಹೊದಿಕೆ ಸುತ್ತಿದ ಕೊಳವೆಗಳಲ್ಲಿ ಒಳಗೆ ಬರುತ್ತದೆ.

ಈ ಭಾಗಕ್ಕೆ ಬಟ್ಟೆಯ ಯಂತ್ರ ಹೊಸದೇನಲ್ಲ. 1884ರಲ್ಲಿ ಹುಟ್ಟಿ, ಮುಂದೆ ಬಿನ್ನಿ ಕಂಪನಿಯ ಕೈ ಸೇರಿದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಮಾಗಡಿ ರಸ್ತೆಗೆ ಹತ್ತಿರದಲ್ಲೇ ಇತ್ತು. ಗಿರಣಿಯ ಹೆಸರು ಬಿನ್ನಿಪೇಟೆಯಲ್ಲಿ, ವಿಜಯನಗರದ ಬಿನ್ನಿ ಲೇಔಟಿನಲ್ಲಿ ಉಳಿದಿದೆ. ಗಿರಣಿಯ ಜಾಗದಲ್ಲಿ ಈಗ ಮಾಲು, ಅಪಾರ್ಟ್‌ಮೆಂಟು. ಆದರೆ ಗಿರಣಿಗಳು ನಯ ಮಾಡುತ್ತಿದ್ದುದು ಥಾನುಗಳನ್ನು. ಹೊಲಿದ ಉಡುಪಿನ ಸುಕ್ಕು ತೆಗೆಯುವುದು ಅದಕ್ಕಿಂತ ಕಷ್ಟದ ಕಸುಬು. ಥಾನು ಚಪ್ಪಟೆ, ಅಂಗಿಗೆ ಹೆಗಲಿದೆ.

ಆ ಕಷ್ಟದ ಜೊತೆ ಗುದ್ದಾಡಿದವರು ಹಲವರು. ಅಮೆರಿಕದ ಅಯೋವಾದ ಮೇರಿ ಫ್ಲಾರೆನ್ಸ್ ಪಾಟ್ಸ್ 1871ರಲ್ಲಿ ಹಿಡಿ ಬಿಚ್ಚಿ ಜೋಡಿಸಬಹುದಾದ ಇಸ್ತ್ರಿಗೆ ಪೇಟೆಂಟ್ ಪಡೆದರು. ಒಂದು ತಳ ಒಲೆಯ ಮೇಲೆ ಕಾಯುತ್ತಿರುವಾಗ ಇನ್ನೊಂದರಲ್ಲಿ ಕೆಲಸ ಸಾಗಲಿ ಎಂದು. 1882ರಲ್ಲಿ ನ್ಯೂಯಾರ್ಕಿನ ಹೆನ್ರಿ ಸೀಲಿ ವಿದ್ಯುತ್ ಇಸ್ತ್ರಿಗೆ ಪೇಟೆಂಟ್ ಪಡೆದಾಗ ಬಹುತೇಕ ಮನೆಗಳಲ್ಲಿ ಕರೆಂಟೇ ಇರಲಿಲ್ಲ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದೇ 1905ರಲ್ಲಿ. 20ನೇ ಶತಮಾನದ ಆರಂಭದಲ್ಲಿ ಸಿರಕ್ಯೂಸಿನ ದರ್ಜಿ ಆಡನ್ ಹಾಫ್‌ಮನ್ ರೂಪಿಸಿದ, ಬಾಯಿ ತೆರೆದು ಮುಚ್ಚುವ ಹಬೆ ಪ್ರೆಸ್ಸಿನಿಂದ ಕಾರ್ಖಾನೆಯ ಇಸ್ತ್ರಿಯ ಯುಗ ಶುರುವಾಯಿತು ಎನ್ನಬಹುದು.

ಆಮೇಲೆ ಅಂಗಾಂಗಕ್ಕೊಂದು ಯಂತ್ರ ಬಂತು. ಕಾಲರಿಗೂ ಕಫಿಗೂ ಒಂದು ಪ್ರೆಸ್. ಪ್ಯಾಂಟಿನ ಸೊಂಟಕ್ಕೆ ಟಾಪರ್, ಕಾಲಿಗೆ ಲೆಗ್ಗರ್. ಕೋಟಿಗೆ ಒಳಗಿನಿಂದ ಹಬೆ ಊದಿ ಉಬ್ಬಿಸುವ ಬೊಂಬೆ. ಕೊನೆಗೆ ಟನಲ್ ಫಿನಿಷರ್: ಹ್ಯಾಂಗರಿಗೆ ತೂಗುಹಾಕಿದ ಉಡುಪುಗಳು ಸರಪಳಿಯಲ್ಲಿ ಸಾಗಿ ಮೊದಲು ಹಬೆಯ ಕೋಣೆ, ನಂತರ ಬಿಸಿಗಾಳಿಯ ಕೋಣೆ ದಾಟಿ ಹೊರಬರುತ್ತವೆ. ಗಂಟೆಗೆ ಸಾವಿರದಷ್ಟು ಉಡುಪು ದಾಟಿಸಬಲ್ಲ ಯಂತ್ರ, ಯಾರೂ ಏನನ್ನೂ ಒತ್ತುವುದಿಲ್ಲ. ಬಟ್ಟೆಯ ಸ್ವಂತ ಭಾರ ಮತ್ತು ಗಾಳಿಯ ಬಡಿತವೇ ಸುಕ್ಕು ಬಿಡಿಸುತ್ತವೆ. ಟೀ ಶರ್ಟು, ಜಾಕೆಟ್ಟುಗಳಿಗೆ ಇದು ಸರಿ. ಫಾರ್ಮಲ್ ಅಂಗಿಗೆ ಆಗದು. ಟನಲ್ಲಿಗೆ ಗೆರೆ ಎಳೆಯಲು ಬಾರದು, ಗುಂಡಿಪಟ್ಟಿಯ ಅಂಚು ಕೂಡಿಸಲು ಬಾರದು. ಆದ್ದರಿಂದ ಇಷ್ಟು ಯಂತ್ರ ಬಂದ ಮೇಲೂ ಬೆಂಗಳೂರಿನ ಫಿನಿಶಿಂಗ್ ಸೆಕ್ಷನ್ನುಗಳಲ್ಲಿ ಕಣ್ಣು ತುಂಬುವುದು ಸಾಲು ಸಾಲು ಮೇಜು, ಸಾಲು ಸಾಲು ಐರನ್‌ಮ್ಯಾನ್‌ಗಳು.

ಮನೆಯಲ್ಲಿ ಎಷ್ಟು ತಿಕ್ಕಿದರೂ ಕಾಲರಿನ ಗುಳ್ಳೆ ಹೋಗುವುದಿಲ್ಲ ಎಂಬ ದೂರು ಸಾಮಾನ್ಯ. ಅದು ಸುಕ್ಕೇ ಅಲ್ಲ. ಕಾಲರಿನ ಒಳಗೆ ಗಟ್ಟಿ ಬಟ್ಟೆಯೊಂದನ್ನು ಫ್ಯೂಸಿಂಗ್ ಮಿಷನ್ನಿನಲ್ಲಿ ಕಾಯಿಸಿ ಅಂಟಿಸಿರುತ್ತಾರೆ. ಆ ಅಂಟು ಬಿಟ್ಟರೆ ಗುಳ್ಳೆ ಏಳುತ್ತದೆ. ಇಸ್ತ್ರಿ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ.

ಸುಕ್ಕೇ ಬೀಳದ ಬಟ್ಟೆ ಮಾಡಿದರೆ ಈ ರಗಳೆಯೇ ಬೇಡವಲ್ಲ ಎಂಬ ಯೋಚನೆಯೂ ಹಳೆಯದೇ. ನ್ಯೂ ಓರ್ಲಿಯನ್ಸಿನಲ್ಲಿದ್ದ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ರೂತ್ ಬೆನೆರಿಟೊ ಮತ್ತು ಅವರ ಸಂಗಡಿಗರು ಸೆಲ್ಯುಲೋಸ್ ಸರಪಳಿಗಳ ನಡುವೆ ನೀರಿಗೆ ಬಿಚ್ಚದ ರಾಸಾಯನಿಕ ಸೇತುವೆ ಕಟ್ಟುವ ವಿದ್ಯೆಯನ್ನು ಬೆಳೆಸಿದರು. ಅಂಗಡಿಯ ‘ರಿಂಕಲ್ ಫ್ರೀ’ ಚೀಟಿಯ ಹಿಂದಿರುವುದು ಅದೇ ವಿದ್ಯೆ. ಬೆಲೆಯೂ ಇದೆ: ಸೇತುವೆ ಕಟ್ಟಿದ ಹತ್ತಿ ಹರಿಯುವುದು ಬೇಗ, ಬೆವರು ಹೀರುವುದು ಕಡಿಮೆ, ಬಳಸುವ ರಾಳದಿಂದ ಫಾರ್ಮಾಲ್ಡಿಹೈಡ್ ಬಿಡುಗಡೆಯಾಗುವ ತಲೆನೋವು ಬೇರೆ. ಮತ್ತೊಂದು ತಮಾಷೆ, ಈ ಅಂಗಿಯನ್ನೂ ಪ್ಯಾಕಿಂಗಿಗೆ ಮೊದಲು ಐರನ್ ಮಾಡಿಯೇ ಕಳಿಸುತ್ತಾರೆ.

ಬೆಂಗಳೂರಿನ ಗಾರ್ಮೆಂಟ್ಸ್ ಎಂದೊಡನೆ ನೆನಪಾಗುವುದು ಹೊಲಿಗೆ ಲೈನಿನ ಹೆಣ್ಣುಮಕ್ಕಳು. ಪಿಎಫ್ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ರಸ್ತೆಗಿಳಿದು ಕೇಂದ್ರ ಸರ್ಕಾರವನ್ನೇ ಹಿಂದೆ ಸರಿಸಿದವರು ಅವರು, ನೆನಪಾಗಲೇಬೇಕು. ಇಸ್ತ್ರಿ ಮೇಜು ಮಾತ್ರ ಹೆಚ್ಚಾಗಿ ಗಂಡಸರ ಮೂಲೆ. ಹಿಂದೆ ಮಂಡ್ಯ, ತುಮಕೂರು, ರಾಮನಗರದ ಕಡೆಯ ಹುಡುಗರಿರುತ್ತಿದ್ದರು, ಈಗ ಒಡಿಶಾ, ಬಿಹಾರದ ಮಾತೂ ಅಷ್ಟೇ ಕೇಳಿಸುತ್ತದೆ. ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಅದು. ದಿನವಿಡೀ ನಿಂತೇ ಮಾಡುವ ಕೆಲಸ, ಬಲ ಮುಂಗೈಗೆ ಐರನ್, ಒಂದು ಕಾಲಿಗೆ ಪೆಡಲು, ತಲೆಯಲ್ಲಿ ಗಂಟೆಯ ಟಾರ್ಗೆಟ್.

ನನ್ನ ತಕರಾರು ಇರುವುದು ಇಲ್ಲಿ. ಮೇಜಿನ ಫ್ಯಾನು ಬಟ್ಟೆಯಿಂದ ಹೀರಿದ ಬಿಸಿ ಮತ್ತು ತೇವ ಎಲ್ಲಿಗಾದರೂ ಹೋಗಲೇಬೇಕು. ಸರಿಯಾಗಿ ಕಟ್ಟಿದ ಕಾರ್ಖಾನೆಯಲ್ಲಿ ಅದಕ್ಕೊಂದು ಕೊಳವೆ ಇದ್ದು ಗೋಡೆಯಾಚೆ ಒಯ್ಯುತ್ತದೆ. ಬಾಡಿಗೆ ಮಹಡಿಯ ಘಟಕಗಳಲ್ಲಿ ಆ ಕೊಳವೆ ಹಲವು ಕಡೆ ಇರುವುದಿಲ್ಲ. ಅಂಗಿಯಿಂದ ತೆಗೆದ ಕಾವು ಮೇಜಿನ ಕೆಳಗಿಂದ ಹೊರಬಂದು ಐರನ್‌ಮ್ಯಾನ್‌ನ ಮೊಣಕಾಲಿಗೆ ತಗುಲಿ, ಅದೇ ಕೋಣೆಯಲ್ಲಿ ಸುತ್ತುತ್ತದೆ. ಆ ತೇವದ ಗಾಳಿಯನ್ನೇ ಮುಂದಿನ ಅಂಗಿಯ ಮೂಲಕ ಮತ್ತೆ ಹೀರುವುದರಿಂದ ಅಂಗಿಯೂ ನಿಧಾನವಾಗಿ ಒಣಗುತ್ತದೆ. ಗಾಳಿ ಮತ್ತು ಉಷ್ಣತೆಯ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯ 13ನೇ ಕಲಮು ಹೇಳಿದ್ದು ಮನುಷ್ಯರಿಗಾಗಿ. ಅದನ್ನು ಮನುಷ್ಯರಿಗಾಗಿ ಪಾಲಿಸಲು ಮನಸ್ಸಿಲ್ಲದ ಮಾಲೀಕರು ಅಂಗಿಗಾಗಿಯಾದರೂ ಒಂದು ತಗಡಿನ ಕೊಳವೆ ಹಾಕಿಸಬಹುದು. ಇಡೀ ಸಲಕರಣೆಯಲ್ಲಿ ಅಗ್ಗದ ಭಾಗ ಅದೇ.

ವಿಜಯನಗರದ ಒಳಗೆ ಬಂದರೆ ಸೀರೆಯ ಲೋಕವೇ ಬೇರೆ. ರೋಲಿಂಗ್‌ಗೆ ಕೊಟ್ಟ ಸೀರೆಗೆ ತೆಳುವಾಗಿ ನೀರು, ಹತ್ತಿಯದಾದರೆ ಗಂಜಿ ಹಾಕಿ, ಇಬ್ಬರು ಎರಡು ತುದಿ ಹಿಡಿದು ಕಾದ ಉರುಳೆಗೆ ಊಡುತ್ತಾರೆ. ಆರು ಗಜದ ಉದ್ದಕ್ಕೂ ಒಂದೇ ಬಿಗುವಿನಲ್ಲಿ ಹಿಡಿಯುವುದೇ ವಿದ್ಯೆ. ಒಬ್ಬರು ಸಡಿಲಬಿಟ್ಟರೆ ಅಂಚು ಓರೆಯಾಗುತ್ತದೆ. ಹೋಟೆಲಿನ ಹಾಸು, ರೈಲಿನ ಎಸಿ ಬೋಗಿಯ ಬಿಳಿ ಹೊದಿಕೆ ಚಪ್ಪಟೆಯಾಗುವುದೂ ಇದೇ ತತ್ವದಲ್ಲಿ, ಅಲ್ಲಿಯ ಉರುಳೆ ಕೋಣೆಯಷ್ಟು ಅಗಲ. ಜರಿ ಸೀರೆಯ ವಿಷಯದಲ್ಲಿ ಒಳ್ಳೆಯ ಪಾಲಿಶ್ ಅಂಗಡಿಯವರು ಕಾವಿಗೆ ಹೆದರುತ್ತಾರೆ, ಹೆದರಬೇಕು. ರೇಷ್ಮೆಗೆ ಇಸ್ತ್ರಿಯ ಎರಡು ಚುಕ್ಕಿಯೇ ಗಡಿ, ಅಂದರೆ 150 ಡಿಗ್ರಿ. ಮಡಿಕೆ ಬದಲಿಸದೆ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟ ಸೀರೆ ಗೆರೆಯಲ್ಲೇ ಹಿಸಿದಿದ್ದರೆ ಯಾವ ರೋಲರೂ ಏನೂ ಮಾಡಲಾರದು.

ಇತ್ತೀಚೆಗೆ ಇದಕ್ಕೆ ಪ್ರಿ-ಪ್ಲೀಟಿಂಗ್ ಸೇರಿಕೊಂಡಿದೆ. ಮದುವೆಗೆ ಮೊದಲೇ ಸೀರೆಯ ನೆರಿಗೆ, ಸೆರಗು ಮಡಿಸಿ, ಇಸ್ತ್ರಿ ಮಾಡಿ, ಪೆಟ್ಟಿಗೆಯ ಆಕಾರಕ್ಕೆ ಕೂಡಿಸಿ ಕೊಡುವುದು. ಉಡುವವರು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮುಗಿಯಿತು. ಮನೆಯ ಹಾಲಿನಲ್ಲೇ ಇದನ್ನು ನಡೆಸುವ ಹೆಂಗಸರಿದ್ದಾರೆ. ಅವರ ಸಲಕರಣೆ ಒಂದು ಮೇಜು, ಬಾಟಲಿ ಐರನ್, ಹಿಡಿ ತುಂಬ ಕ್ಲಿಪ್ಪು, ಕೆಲವರ ಕೈಯಲ್ಲಿ ಕೂದಲು ನೆಟ್ಟಗೆ ಮಾಡುವ ಸ್ಟ್ರೇಟ್ನರು! ಪ್ರತಿ ನೆರಿಗೆಗೂ ಇಸ್ತ್ರಿ ಮಾಡಿ, ಕ್ಲಿಪ್ಪು ಹಾಕಿ, ಆರುವ ತನಕ ಮುಟ್ಟದೆ ಬಿಡುತ್ತಾರೆ. ವ್ಯಾಕ್ಯೂಮ್ ಫ್ಯಾನು ಮಾಡುವ ಕೆಲಸವನ್ನು ಇಲ್ಲಿ ಕ್ಲಿಪ್ಪು ಮತ್ತು ತಾಳ್ಮೆ ಮಾಡುತ್ತವೆ. ಒಂದು ಸೀರೆಗೆ ನೂರಾರು ರೂಪಾಯಿ. ಬೀದಿಯ ಇಸ್ತ್ರಿಗೆ ಪೀಸಿಗೆ ಒಂದೆರಡು ರೂಪಾಯಿ ಏರಿಸಿದರೆ ಮುಖ ಗಂಟಿಕ್ಕುವ ನಾವು ಇದನ್ನು ತುಟಿ ಬಿಚ್ಚದೆ ಕೊಡುತ್ತೇವೆ.

ಆ ಬೀದಿಯ ಗಾಡಿಯೂ ನಿಂತಲ್ಲೇ ನಿಂತಿಲ್ಲ. ಇದ್ದಿಲು ಬಿಟ್ಟು ಗ್ಯಾಸಿಗೆ ಹೋಗುವವರಿಗೆ ಬೆಂಗಳೂರಿನ ಉದ್ಯಮ್ ಸಂಸ್ಥೆ ನೆರವಾಗಿದೆ. ಬೆಳಿಗ್ಗೆ ಕೆಂಡ ಮಾಡಿಕೊಳ್ಳುವ ಹೊತ್ತು ಉಳಿಯಿತು, ಬಿಳಿ ಬಟ್ಟೆಯ ಮೇಲೆ ಕಿಡಿ ಹಾರುವ ಭಯ ತಪ್ಪಿತು. ಕಲ್ಯಾಣದ ಶರಣರ ಬಟ್ಟೆಯನ್ನು ಮಡಿ ಮಾಡಿದ ಮಾಚಿದೇವರ ಹೆಸರಿನಲ್ಲಿ ಮಡಿವಾಳರಿಗಾಗಿ ರಾಜ್ಯ ಸರ್ಕಾರದ ಅಭಿವೃದ್ಧಿ ನಿಗಮವೂ ಇದೆ. ವ್ಯಾಕ್ಯೂಮ್ ಟೇಬಲ್ ಮಾತ್ರ ಗಾಡಿಗೆ ಬರಲಾರದು. ಅದಕ್ಕೆ ಕರೆಂಟು ಬೇಕು, ಕರೆಂಟಿಗೆ ಮೀಟರು ಬೇಕು, ಮೀಟರಿಗೆ ವಿಳಾಸ ಬೇಕು, ಗಾಡಿಗೆ ಇರುವುದು ಮರ ಮಾತ್ರ. ಆದರೂ ಅನುಭವಿ ಕೈಗಳನ್ನು ಗಮನಿಸಿ. ತಟ್ಟನೆ ಮಡಿಸುವುದಿಲ್ಲ. ಬೆನ್ನು ಮುಗಿಸಿ ತೋಳಿಗೆ, ತೋಳು ಮುಗಿಸಿ ಎದೆಗೆ ಹೋಗುವಷ್ಟರಲ್ಲಿ ಬೆನ್ನು ಆರಿರುತ್ತದೆ. ಮಡಿಕೆ ಶುರುವಾಗುವುದು ಆರಿದ ಕಡೆಯಿಂದ.

2024ರ ಮೇ ತಿಂಗಳಲ್ಲಿ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ತನ್ನ ಪ್ರಯೋಗಾಲಯಗಳ ಸಿಬ್ಬಂದಿಗೆ ಸೋಮವಾರ ಇಸ್ತ್ರಿ ಇಲ್ಲದ ಬಟ್ಟೆ ತೊಟ್ಟು ಬನ್ನಿ ಎಂದಿತ್ತು. ಒಂದು ಜೊತೆ ಬಟ್ಟೆಯ ಇಸ್ತ್ರಿ ಬಿಟ್ಟರೆ ಸುಮಾರು 200 ಗ್ರಾಂ ಇಂಗಾಲದ ಡೈಆಕ್ಸೈಡ್ ಉಳಿತಾಯ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ ಇರಬಹುದು. ಆದರೆ ವಾರ ಆರಿಸುವಾಗ ಇಸ್ತ್ರಿ ಗಾಡಿಯವರನ್ನು ಯಾರೂ ಕೇಳಿದಂತಿಲ್ಲ. ಸೋಮವಾರದ ಆಫೀಸಿನ ಬಟ್ಟೆಯೇ ಅವರ ಭಾನುವಾರದ ಸಂಪಾದನೆ. ‘ಅಣ್ಣಾ, ರಾತ್ರಿಯೊಳಗೆ ಬೇಕೇಬೇಕು’ ಎಂದು ಗಂಟು ಇಟ್ಟು ಹೋಗುವವರು ಆ ಸಂಜೆಯೇ ಹೆಚ್ಚು. ಅಂಥವರ ಅಂಗಿಗೆ ಆರುವ ಪುರಸೊತ್ತು ಇರುವುದಿಲ್ಲ. ಬಿಸಿಬಿಸಿಯಾಗಿಯೇ ಮಡಿಸಿ, ಪೇಪರು ಸುತ್ತಿ, ಕೈಗೆ ಕೊಡಬೇಕಾಗುತ್ತದೆ.